ಬಾಡಿಗೆ ಮನೆಗೆ ಬರುವ ನೆಂಟರ ರಾತ್ರಿ ವಾಸಕ್ಕೆ ಅನುಮತಿ ಏಕೆ? ಶಿವಮೊಗ್ಗ ಜಿಲ್ಲಾಡಳಿತಕ್ಕೂ ಮನೆ ಮಾಲೀಕರಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ,
ಮಾನ್ಯ ಆಯುಕ್ತರು, ಶಿವಮೊಗ್ಗ ಮಹಾನಗರ ಪಾಲಿಕೆ,
ಹಾಗೂ ನಗರದ ಮನೆ ಮಾಲೀಕರು ಮತ್ತು ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು.

ವಿಷಯ: ಬಾಡಿಗೆ ಮನೆಗಳಲ್ಲಿ ರಾತ್ರಿ ತಂಗುವ ಅತಿಥಿಗಳ ಮೇಲೆ ಹೇರಲಾಗುತ್ತಿರುವ ನಿರ್ಬಂಧಗಳ ಕುರಿತು.

ಮಾನ್ಯರೇ,

ಶಿವಮೊಗ್ಗದಲ್ಲಿ ಇಂದು ಬಾಡಿಗೆಗೆ ಮನೆ ಹಿಡಿಯುವವರ ಮುಂದೆ ಬರುವ ಕರಾರು ಪತ್ರಗಳಲ್ಲಿ ಬಾಡಿಗೆ, ಮುಂಗಡ, ಕರೆಂಟ್ ಬಿಲ್ಲು, ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಹಿಡಿದುಕೊಳ್ಳುವ ಹಣ ಇವುಗಳ ಸಾಲಿನಲ್ಲೇ ಇನ್ನೊಂದು ಷರತ್ತು ಬಂದು ಕುಳಿತಿದೆ. ಮಾಲೀಕರ ಪೂರ್ವಾನುಮತಿ ಇಲ್ಲದೆ ಬಾಡಿಗೆದಾರರು ಯಾರನ್ನೂ ರಾತ್ರಿ ಮನೆಯಲ್ಲಿ ಉಳಿಸಿಕೊಳ್ಳಬಾರದು ಎಂಬುದೇ ಆ ಷರತ್ತು. ಕೆಲವರು ಅದನ್ನು ಕರಾರಿನಲ್ಲಿ ಬರೆಸುತ್ತಾರೆ, ಕೆಲವರು ಮನೆ ತೋರಿಸುವಾಗಲೇ ಬಾಯಿಮಾತಿನಲ್ಲಿ ಹೇಳಿ ಒಪ್ಪಿಸಿಕೊಳ್ಳುತ್ತಾರೆ. ಈ ಷರತ್ತಿನಿಂದ ಯಾರಿಗೆ ಎಂಥ ತೊಂದರೆಯಾಗುತ್ತಿದೆ, ನಮ್ಮ ಜಿಲ್ಲೆಯ ಜನಜೀವನಕ್ಕೆ ಅದು ಏಕೆ ಹೊಂದುವುದಿಲ್ಲ, ಅದನ್ನು ಸರಿಪಡಿಸಲು ತಮ್ಮಿಂದ ಏನಾಗಬೇಕು ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವಳು, ಈಗ ನಗರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ವಿನೋಬನಗರದಲ್ಲಿ ಎರಡಂತಸ್ತಿನ ಮನೆಯೊಂದರ ಮೇಲ್ಭಾಗದಲ್ಲಿ ಪತಿ ಮತ್ತು ಮಗಳೊಂದಿಗೆ ಬಾಡಿಗೆಗಿದ್ದೇನೆ. ಕೆಳಗೆ ಮಾಲೀಕರ ಕುಟುಂಬವಿದೆ. ಬಾಡಿಗೆಯನ್ನು ಒಂದು ತಿಂಗಳೂ ತಡಮಾಡಿದವರಲ್ಲ, ಮನೆಯ ಗೋಡೆಗೆ ಒಂದು ಮೊಳೆ ಹೊಡೆಯುವಾಗಲೂ ಕೇಳಿಯೇ ಹೊಡೆದವರು. ಮಾಲೀಕರ ಹೆಸರನ್ನಾಗಲಿ ಮನೆಯ ಗುರುತನ್ನಾಗಲಿ ಇಲ್ಲಿ ಹೇಳುವ ಉದ್ದೇಶ ನನಗಿಲ್ಲ. ಅವರು ನಡೆದುಕೊಂಡ ರೀತಿಯನ್ನು ಊರಿನ ಬಹಳಷ್ಟು ಮಾಲೀಕರು ಸಹಜವೆಂದೇ ತಿಳಿದಿರುವುದರಿಂದ, ಒಬ್ಬರನ್ನು ದೂರಿ ಪ್ರಯೋಜನವಿಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ಅಪ್ಪಯ್ಯನಿಗೆ ಹೊಟ್ಟೆನೋವು ಜೋರಾಗಿ, ಅಮ್ಮ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬಂದರು. ಪರೀಕ್ಷಿಸಿದ ವೈದ್ಯರು ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗಿಗೆ ಬರಬೇಕೆಂದರು. ಅಷ್ಟು ಹೊತ್ತಿಗೆ ನಮ್ಮೂರ ಕಡೆಯ ಕೊನೆಯ ಬಸ್ಸು ಹೊರಟುಹೋಗಿತ್ತು. ಇದ್ದಿದ್ದರೂ ಬೆಳಗಿನ ಜಾವಕ್ಕೆ ಮತ್ತೆ ಬರುವುದು ಆಗದ ಮಾತಾಗಿತ್ತು. ರಾತ್ರಿ ಊಟ ಮುಗಿಸಿ ಹಾಸಿಗೆ ಬಿಡಿಸುತ್ತಿದ್ದಾಗ ಮಾಲೀಕರು ಮೇಲೆ ಬಂದು, ಬಾಗಿಲಲ್ಲೇ ನಿಂತು, ಬಂದವರು ಯಾರು, ಎಷ್ಟು ದಿನ ಇರುತ್ತಾರೆ, ಮೊದಲೇ ಏಕೆ ತಿಳಿಸಲಿಲ್ಲ ಎಂದು ವಿಚಾರಿಸಿದರು. ಒಳಗೆ ಚಾಪೆಯ ಮೇಲೆ ಕುಳಿತಿದ್ದ ಅಪ್ಪಯ್ಯ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು ಬಂದು, ಬೆಳಿಗ್ಗೆಯೇ ಹೊರಟುಬಿಡುತ್ತೇವೆ ಸ್ವಾಮಿ ಎಂದು ಕೈಮುಗಿದರು. ಸ್ಕ್ಯಾನಿಂಗ್ ವರದಿ ನೋಡಿದ ವೈದ್ಯರು ಎರಡು ದಿನ ಬಿಟ್ಟು ಇನ್ನೊಮ್ಮೆ ಬರಲು ಹೇಳಿದರೂ ಅವರು ನಮ್ಮಲ್ಲಿ ನಿಲ್ಲಲು ಒಪ್ಪಲಿಲ್ಲ. ಜಡಿಮಳೆಯಲ್ಲಿ ಊರಿಗೆ ಹೋಗಿ, ಅದೇ ನೋವನ್ನು ಹೊತ್ತು ಮತ್ತೆ ಬಸ್ಸು ಹತ್ತಿ ಬಂದರು. ಆ ತಿಂಗಳ ಲೆಕ್ಕದ ಚೀಟಿಯಲ್ಲಿ ಬಾಡಿಗೆ, ನೀರು, ಮೆಟ್ಟಿಲ ದೀಪದ ಕೆಳಗೆ ‘ಹೆಚ್ಚುವರಿ ಜನ 2’ ಎಂದು ಬರೆದು ಇನ್ನೂರು ರೂಪಾಯಿ ಸೇರಿಸಿದ್ದರು. ಹಣ ದೊಡ್ಡದಲ್ಲ, ಮಾತಾಡದೆ ಕೊಟ್ಟೆವು. ಆದರೆ ಕಾಯಿಲೆಯ ಮನುಷ್ಯನೊಬ್ಬ ಮಗಳ ಮನೆಯಲ್ಲಿ ಮಲಗಿದ್ದಕ್ಕೆ ಕೈಮುಗಿಯಬೇಕಾಗಿ ಬಂದದ್ದನ್ನು ನಾನು ಮರೆಯಲಾರೆ.

ಇದು ನನ್ನೊಬ್ಬಳ ಮನೆಯಲ್ಲಿ ನಡೆದದ್ದಾಗಿದ್ದರೆ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಗೋಪಾಳದಲ್ಲಿ ಬಾಡಿಗೆಗಿದ್ದಾರೆ. ಅವರಿಗೆ ಹೆರಿಗೆಯಾದಾಗ ಬಾಣಂತನಕ್ಕೆ ಬಂದ ತಾಯಿಯ ವಾಸ ತಿಂಗಳು ದಾಟಿತೆಂದು, ಮನೆಯಲ್ಲಿ ಜನ ಹೆಚ್ಚಾದರು ಎಂಬ ಕಾರಣ ಕೊಟ್ಟು ಬಾಡಿಗೆ ಏರಿಸಲಾಯಿತು. ಹಸಿ ಬಾಣಂತಿ, ಎಳೆಗೂಸು, ಇನ್ನೊಂದು ಮನೆ ಹುಡುಕುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಕೇಳಿದಷ್ಟು ಕೊಟ್ಟರು. ನಮ್ಮ ಬೀದಿಯಲ್ಲೇ ಮನೆಯೊಂದರ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿರುವ ನರ್ಸಿಂಗ್ ವಿದ್ಯಾರ್ಥಿನಿಯರಿದ್ದಾರೆ. ಅವರಲ್ಲೊಬ್ಬಳ ಅಣ್ಣ ಅಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ ಹೊತ್ತು ತಂದವನು ಗಂಡಸು ಎಂಬ ಕಾರಣಕ್ಕೆ ಒಳಗೆ ಉಳಿಯಲು ಒಪ್ಪಿಗೆ ಸಿಗದೆ, ರಾತ್ರಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದು ಬೆಳಗಿನ ಬಸ್ಸಿಗೆ ಹೋದ. ಅಡುಗೆ, ಬಾಡಿಗೆ, ಕರೆಂಟು ಎಲ್ಲವನ್ನೂ ಅವರೇ ನೋಡಿಕೊಳ್ಳುವ ಆ ಮನೆ ಹಾಸ್ಟೆಲ್ಲೂ ಅಲ್ಲ, ಪಿ.ಜಿ.ಯೂ ಅಲ್ಲ. ಅನೇಕರು ಒಂದೇ ಕೋಣೆ, ಒಂದೇ ಬಚ್ಚಲು ಹಂಚಿಕೊಳ್ಳುವ ಪಿ.ಜಿ.ಗಳಲ್ಲಿ ಹೊರಗಿನವರು ರಾತ್ರಿ ತಂಗಬಾರದೆಂಬ ನಿಯಮಕ್ಕೆ ಅರ್ಥವಿದೆ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಪ್ರತ್ಯೇಕ ಬಾಗಿಲು, ಪ್ರತ್ಯೇಕ ಅಡುಗೆಮನೆ ಇರುವ, ತಿಂಗಳ ಬಾಡಿಗೆಗೆ ಪೂರ್ತಿಯಾಗಿ ಬಿಟ್ಟುಕೊಟ್ಟ ಮನೆಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದೇನೆ.

ಶಿವಮೊಗ್ಗ ಎಂಥ ಊರು ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ, ಆದರೂ ಈ ಷರತ್ತಿನ ಸಂದರ್ಭದಲ್ಲಿ ಅದನ್ನು ಒಮ್ಮೆ ನೆನಪಿಸಿಕೊಳ್ಳುವುದು ಅಗತ್ಯ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಹಳ್ಳಿಗಳವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮೆಗ್ಗಾನ್, ದೊಡ್ಡ ಕಚೇರಿ ಎಂದರೆ ಜಿಲ್ಲಾಧಿಕಾರಿಗಳ ಕಚೇರಿ, ದೊಡ್ಡ ಕೋರ್ಟು ಎಂದರೆ ಜಿಲ್ಲಾ ನ್ಯಾಯಾಲಯ. ಹೊಸನಗರ ಪೇಟೆಯಿಂದಲೇ ಇಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಅದೇ ತಾಲ್ಲೂಕಿನ ನಗರ, ನಿಟ್ಟೂರು, ಸಂಪೇಕಟ್ಟೆ ಎಂಬ ಊರುಗಳ ಕಡೆಯವರಿಗೆ ಇನ್ನೂ ದೂರ, ಅಲ್ಲಿಂದ ಒಳಗೆ ಕಾಡಂಚಿನ ಮನೆಗೆ ಮತ್ತೆ ನಡಿಗೆ ಅಥವಾ ಜೀಪು. ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ, ಕರೂರು ಭಾಗದವರು 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಲಾಂಚನ್ನೇ ನಂಬಿಕೊಂಡಿದ್ದರು. ಸಂಜೆಯ ಲಾಂಚು ತಪ್ಪಿದರೆ ಅವರಿಗೆ ಈ ದಡದಲ್ಲಿ ಯಾರದಾದರೂ ಮನೆಯೇ ಗತಿಯಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ಧರೆ ಕುಸಿದು, ಹಳ್ಳ ಉಕ್ಕಿ ದಾರಿ ಕಟ್ಟುವುದು ನಮ್ಮ ಕಡೆ ಹೊಸದಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಮಂಗನ ಕಾಯಿಲೆಯ ಜ್ವರ ಬಂದವರನ್ನು ಕಾಡಿನ ಹಳ್ಳಿಗಳಿಂದ ಇಳಿಸಿಕೊಂಡು ಬರುತ್ತಾರೆ. ಹೀಗೆ ಬಂದ ರೋಗಿ ವಾರ್ಡಿನಲ್ಲಿರುತ್ತಾನೆ. ಅವನ ಜೊತೆಗೆ ಬಂದವರು ಗಂಜಿ ಬೇಯಿಸಿಕೊಂಡು ಹೋಗುವುದಕ್ಕೆ, ಸ್ನಾನಕ್ಕೆ, ಒಂದು ಹೊತ್ತು ಬೆನ್ನು ಚಾಚುವುದಕ್ಕೆ ಎಲ್ಲಿಗೆ ಹೋಗಬೇಕು? ಲಾಡ್ಜಿಗೆ ಹೋಗುವಷ್ಟು ದುಡ್ಡು ಇರುವವರು ಕೆಲವರು ಮಾತ್ರ. ಉಳಿದವರು ಮಗಳ ಮನೆ, ತಂಗಿಯ ಮನೆ, ಊರಿನ ಹುಡುಗ ಬಾಡಿಗೆಗಿರುವ ರೂಮು ಹುಡುಕಿಕೊಂಡು ಬರುತ್ತಾರೆ.

ಆಸ್ಪತ್ರೆಯೊಂದೇ ಅಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ, ನಗರದ ಕಾಲೇಜುಗಳಿಗೆ ಪ್ರವೇಶಕ್ಕೆಂದು, ನೇಮಕಾತಿ ಪರೀಕ್ಷೆಗಳಿಗೆಂದು ಮಕ್ಕಳು ಬರುತ್ತಾರೆ. ಬೆಳಿಗ್ಗೆಯ ಪರೀಕ್ಷೆಗೆ ಹಿಂದಿನ ರಾತ್ರಿಯೇ ಬಂದಿರಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆಗೆ ನೆಂಟರಿಷ್ಟರು ಬರದ ಮನೆ ಈ ಊರಿನಲ್ಲಿ ಇದ್ದೀತೇ? ನಮ್ಮ ಮಲೆನಾಡಿನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಬಂದವರಿಗೆ ಕಾಲು ತೊಳೆಯಲು ನೀರು, ಬಾಯಾರಿಕೆಗೆ ಬೆಲ್ಲ ಕೊಟ್ಟು, ಊಟಕ್ಕೆ ಎಲೆ ಹಾಕಿ, ಜಗಲಿಯಲ್ಲಿ ಕಂಬಳಿ ಹಾಸಿ ಕೊಡುವುದು ಯಾರೂ ಕಲಿಸದೆ ಬಂದ ನಡವಳಿಕೆ. ಆ ಹೊತ್ತಿನಲ್ಲಿ ಬಂದವರನ್ನು ಹಿಂದಕ್ಕೆ ಕಳಿಸುವುದು ಹಳ್ಳಿಯಲ್ಲಿ ಇವತ್ತಿಗೂ ತಲೆತಗ್ಗಿಸುವ ಸಂಗತಿ. ನಗರದಲ್ಲಿ ಬಾಡಿಗೆಗಿರುವ ನಾವು ಅದೇ ಮನೆಗಳ ಮಕ್ಕಳು. ಹಳ್ಳಿಯ ಮನೆಯವರು ಶಿವಮೊಗ್ಗದಲ್ಲಿ ಕಾಲೂರಲು ಇರುವ ಜಾಗವೇ ನಮ್ಮ ಬಾಡಿಗೆ ಮನೆ. ಅದರ ಬಾಗಿಲನ್ನು ರಾತ್ರಿ ಮುಚ್ಚಿಸಿದರೆ ಹಳ್ಳಿಗೂ ಊರಿಗೂ ಇರುವ ದಾರಿಯೇ ಅರ್ಧ ಮುಚ್ಚಿದಂತಾಗುತ್ತದೆ.

ಮಾಲೀಕರಲ್ಲಿ ಅನೇಕರು ನಿವೃತ್ತಿಯ ಹಣ, ಅಡಿಕೆ ಮಾರಿದ ಹಣ, ಬ್ಯಾಂಕಿನ ಸಾಲ ಎಲ್ಲವನ್ನೂ ಸೇರಿಸಿ ಮನೆ ಕಟ್ಟಿ, ಮೇಲಿನ ಬಾಡಿಗೆಯಲ್ಲಿ ಔಷಧಿ, ದಿನಸಿ ನೋಡಿಕೊಳ್ಳುವ ಹಿರಿಯರು. ಅವರ ಆತಂಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರು ಮೊದಲು ಹೇಳುವುದು ನೀರಿನ ವಿಷಯ. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ನೀರು ಸರಬರಾಜು ಯೋಜನೆಗಳಲ್ಲಿ ಬಳಸುವ ಮಾನದಂಡ. ಆ ಲೆಕ್ಕದಲ್ಲಿ ಇಬ್ಬರು ನೆಂಟರು ಒಂದು ದಿನ ಇದ್ದರೆ 270 ಲೀಟರ್, ಎಂದರೆ ಸಾಮಾನ್ಯವಾಗಿ ತಾರಸಿಯ ಮೇಲಿರುವ ಐನೂರು ಲೀಟರಿನ ಟ್ಯಾಂಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಿಂಗಳಲ್ಲಿ ಎರಡು ಮೂರು ರಾತ್ರಿ ಹೀಗಾದರೆ ಮಾಲೀಕರಿಗೆ ಆಗುವ ಹೊರೆ ಬಹಳ ಚಿಕ್ಕದು. ಅದೂ ಭಾರವೆನಿಸಿದರೆ ಮೇಲಿನ ಮನೆಗೆ ಪ್ರತ್ಯೇಕ ಮೀಟರು ಹಾಕಿಸಿ, ಬಳಸಿದ ನೀರಿಗೆ ದರ ಕೇಳಲಿ, ಸಂತೋಷದಿಂದ ಕೊಡುತ್ತೇವೆ. ಬಳಸಿದ ನೀರಿಗೆ ದುಡ್ಡು ಕೇಳುವುದು ನ್ಯಾಯ, ಬಂದ ಮನುಷ್ಯರ ತಲೆ ಎಣಿಸಿ ದುಡ್ಡು ಕೇಳುವುದು ನ್ಯಾಯವಲ್ಲ.

ಎರಡನೆಯ ಆತಂಕ, ಅತಿಥಿ ಎಂದು ಬಂದವರು ಅಲ್ಲೇ ನೆಲೆಯೂರಿ, ಮನೆ ಕೈತಪ್ಪಿ ಹೋದರೆ ಎಂಬುದು. ಬಾಡಿಗೆದಾರರು ಮನೆಯನ್ನು ಮೂರನೆಯವರಿಗೆ ಒಳಬಾಡಿಗೆಗೆ ಕೊಟ್ಟು ತಾವು ಹಣ ಮಾಡಿಕೊಂಡ ಉದಾಹರಣೆಗಳು ಇರುವುದರಿಂದ ಈ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಆದರೆ ಒಳಬಾಡಿಗೆಗೂ ಅತಿಥಿಯ ವಾಸಕ್ಕೂ ಕಾನೂನಿನಲ್ಲೇ ಅಂತರವಿದೆ. ಬಾಡಿಗೆದಾರನು ಮನೆಯ ಅಥವಾ ಅದರ ಒಂದು ಭಾಗದ ಸ್ವಾಧೀನವನ್ನೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟಾಗ ಅದು ಒಳಬಾಡಿಗೆ. ಬಾಡಿಗೆದಾರನು ತಾನೇ ಮನೆಯಲ್ಲಿದ್ದು, ಬೀಗದ ಕೈ ತನ್ನ ಬಳಿಯೇ ಇಟ್ಟುಕೊಂಡು, ತನ್ನ ತಾಯಿಗೋ ಗೆಳೆಯನಿಗೋ ಮಲಗಲು ಜಾಗ ಕೊಟ್ಟರೆ ಸ್ವಾಧೀನ ಯಾರ ಕೈಗೂ ಹೋಗುವುದಿಲ್ಲ. ಒಳಬಾಡಿಗೆಯನ್ನು ಕರಾರಿನಲ್ಲಿ ಸ್ಪಷ್ಟವಾಗಿ ನಿಷೇಧಿಸಲಿ, ಅದಕ್ಕೆ ಯಾವ ಪ್ರಾಮಾಣಿಕ ಬಾಡಿಗೆದಾರನ ತಕರಾರೂ ಇರುವುದಿಲ್ಲ. ಆ ನಿಷೇಧವಿದ್ದ ಮೇಲೆ ಅತಿಥಿಗಳ ಮೇಲೆ ಇನ್ನೊಂದು ನಿಷೇಧದ ಅಗತ್ಯವೇ ಇಲ್ಲ.

ಪೊಲೀಸರ ಹೆಸರನ್ನು ಮುಂದಿಟ್ಟು ಈ ಷರತ್ತನ್ನು ಸಮರ್ಥಿಸುವವರೂ ಇದ್ದಾರೆ. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಿ ಎಂದು ಪೊಲೀಸರು ಕೇಳುವುದುಂಟು, ನಾವೂ ಆಧಾರ್ ಪ್ರತಿ, ಫೋಟೊ ಎಲ್ಲವನ್ನೂ ಕೊಟ್ಟಿದ್ದೇವೆ. ವಿದೇಶಿಯರನ್ನು ಇರಿಸಿಕೊಂಡರೆ 24 ಗಂಟೆಯೊಳಗೆ ಮಾಹಿತಿ ಕೊಡಬೇಕೆಂಬ ಪ್ರತ್ಯೇಕ ವ್ಯವಸ್ಥೆಯೂ ಇದೆ. ತೀರ್ಥಹಳ್ಳಿಯಿಂದ ಬಂದ ಅತ್ತೆ, ಸೊರಬದಿಂದ ಬಂದ ಭಾವ ಇವೆರಡರಲ್ಲಿ ಯಾವುದರ ಅಡಿಯಲ್ಲಿ ಬರುತ್ತಾರೆ?

ಕಾನೂನು ಏನು ಹೇಳುತ್ತದೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಕಡಿಮೆ ಬಾಡಿಗೆಯ ಮನೆಗಳಿಗೆ ಸೀಮಿತ. ಅದರ ಅನುಸೂಚಿಯ ಒಂದು ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಶಿವಮೊಗ್ಗದಲ್ಲಿ ಸಂಸಾರ ಮಾಡುವಂಥ ಮನೆ ಇಂದು ಆ ಬಾಡಿಗೆಗೆ ಎಲ್ಲಿ ಸಿಗುತ್ತದೆ? ಹಾಗಾಗಿ ನಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು ಪತ್ರ. ಆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆ ಕೊಟ್ಟು ಷರತ್ತುಗಳನ್ನು ಪಾಲಿಸುವ ಬಾಡಿಗೆದಾರನು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು. ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ ಎಂಬ ಮಾತೂ ಅದೇ ಕಲಮಿನ ಆರಂಭದಲ್ಲಿದೆ. ಕರಾರಿನಲ್ಲಿ ಬರೆದ ಒಂದು ಸಾಲು ಕಾಯ್ದೆ ಕೊಟ್ಟ ನೆಮ್ಮದಿಯನ್ನು ಕಿತ್ತುಕೊಳ್ಳಬಹುದು ಎಂಬುದು ಇದರಿಂದಲೇ ತಿಳಿಯುತ್ತದೆ. ಅದಕ್ಕಾಗಿಯೇ ಆ ಸಾಲನ್ನು ಇಷ್ಟು ಗಂಭೀರವಾಗಿ ಪರಿಗಣಿಸುತ್ತಿದ್ದೇನೆ. ಸ್ಥಳೀಯ ರೂಢಿಗೂ ಕಾಯ್ದೆ ಬೆಲೆ ಕೊಡುತ್ತದೆ ಎಂದಾದರೆ, ಮನೆಗೆ ಬಂದವರನ್ನು ರಾತ್ರಿ ಉಳಿಸಿಕೊಳ್ಳುವುದಕ್ಕಿಂತ ಹಳೆಯ ರೂಢಿ ಮಲೆನಾಡಿನಲ್ಲಿ ಯಾವುದಿದೆ?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ನೀಡಿತು. ಆ ಅರ್ಜಿಯನ್ನು ಸಲ್ಲಿಸಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ಎದುರಿನ ರಕ್ಷಣೆ, ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಕರಾರಿಗೆ ಅವು ನೇರವಾಗಿ ಅನ್ವಯಿಸುತ್ತವೆಂದು ನಾನು ವಾದಿಸುವುದಿಲ್ಲ. ಆದರೆ ಮನೆಯೊಳಗೆ ಯಾರಿರಬೇಕೆಂಬುದು ಆ ಮನೆಯಲ್ಲಿ ಬಾಳುವವರ ಸ್ವಂತ ವಿಷಯ ಎಂಬ ತಿಳಿವಳಿಕೆ ಆ ತೀರ್ಪಿನ ಹಿಂದಿದೆ, ಜಿಲ್ಲಾಡಳಿತವು ಜನರಿಗೆ ಸಲಹೆ ನೀಡುವಾಗ ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು, ಮನೆಯೊಳಗೆ ಬರಬೇಕಾದರೆ ಮಾಲೀಕರು 24 ಗಂಟೆ ಮೊದಲು ತಿಳಿಸಬೇಕು, ಜಗಳವೇನೇ ಇದ್ದರೂ ನೀರು, ವಿದ್ಯುತ್ ತಡೆಯಬಾರದು ಎನ್ನುತ್ತದೆ. ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಜೀವ.

ಇನ್ನು ಈ ಷರತ್ತು ಎಲ್ಲಿಂದ ಬಂತು ಎಂಬುದು. ನಮ್ಮ ಕರಾರನ್ನು ಮಾಡಿಸಲು ಕೋರ್ಟಿನ ಹತ್ತಿರದ ಡಿಟಿಪಿ ಅಂಗಡಿಗೆ ಹೋದಾಗ, ಅಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಇಂಗ್ಲಿಷ್ ನಮೂನೆಯೊಂದನ್ನು ತೆರೆದು, ಹಿಂದಿನವರ ಹೆಸರು ಅಳಿಸಿ ನಮ್ಮ ಹೆಸರು, ಬಾಡಿಗೆಯ ಮೊತ್ತ, ಮನೆ ನಂಬರು ತುಂಬಿಸಿ, ಇ-ಸ್ಟಾಂಪ್ ಕಾಗದದ ಮೇಲೆ ಮುದ್ರಿಸಿ ಕೊಟ್ಟ. ಒಳಗೆ ಎಲ್ಲೋ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನ ಉಲ್ಲೇಖ ಹಾಗೆಯೇ ಉಳಿದಿತ್ತು. ಮಾಲೀಕರೂ ಓದಲಿಲ್ಲ, ನಮಗೂ ಓದಲು ಸಮಯ ಕೊಡಲಿಲ್ಲ. ಮನೆಗೆ ಬಂದು ಓದಿದಾಗಲೇ ಅತಿಥಿಗಳ ಷರತ್ತು ಕಣ್ಣಿಗೆ ಬಿದ್ದದ್ದು. ವರ್ಷಕ್ಕಿಂತ ಹೆಚ್ಚಿನ ಅವಧಿಯದಾದರೆ ನೋಂದಣಿ ಕಡ್ಡಾಯವೆಂದು ಎಲ್ಲರೂ ಹನ್ನೊಂದು ತಿಂಗಳ ಕರಾರನ್ನೇ ಮಾಡಿಸುತ್ತಾರೆ, ಆದ್ದರಿಂದ ಇಂಥ ಕಾಗದಗಳು ಯಾವ ಅಧಿಕಾರಿಯ ಕಣ್ಣಿಗೂ ಬೀಳುವುದಿಲ್ಲ. ಎಲ್ಲೋ ಯಾರೋ ಬರೆದ ಸಾಲು ಹೀಗೆ ನಕಲಾಗುತ್ತಾ ನಮ್ಮೂರಿನ ನಿಯಮವಾಗಿಬಿಟ್ಟಿದೆ.

ಈ ಷರತ್ತಿನ ಇನ್ನೊಂದು ಮುಖವನ್ನು ಹೇಳದೆ ಬಿಟ್ಟರೆ ಪತ್ರ ಅಪೂರ್ಣ. ಅದು ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ. ಮಾಲೀಕರದೇ ಜಾತಿಯ ಬಾಡಿಗೆದಾರರ ಮನೆಗೆ ವಾರಗಟ್ಟಲೆ ನೆಂಟರಿದ್ದರೂ ಯಾರೂ ಕೇಳುವುದಿಲ್ಲ. ಬೇರೆಯವರ ಮನೆಗೆ ಬಂದರೆ, ಬಂದವರು ಯಾವ ಜನ, ಏನು ಅಡುಗೆ ಮಾಡುತ್ತಾರೆ ಎಂಬ ವಿಚಾರಣೆ ಶುರುವಾಗುತ್ತದೆ. ಜಾತಿ, ಧರ್ಮ ನೋಡಿ ಮನೆ ಕೊಡುವುದಿಲ್ಲ ಎಂದು ನೇರವಾಗಿ ಹೇಳಲು ಹಿಂಜರಿಯುವವರಿಗೆ ಅತಿಥಿಗಳ ಷರತ್ತು ಒಂದು ಅನುಕೂಲ. ಮನೆ ಕೊಟ್ಟ ಮೇಲೂ ಆಗದವರನ್ನು ಹೊರಡಿಸಲು ಅದನ್ನೇ ನೆಪ ಮಾಡಿಕೊಳ್ಳಬಹುದು. ಒಂಟಿಯಾಗಿ ಬದುಕುವ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ಗಂಡನಿಂದ ದೂರವಾಗಿ ಮಗನೊಂದಿಗೆ ಬಾಡಿಗೆಗಿರುವ ನನ್ನ ಗೆಳತಿಯ ಮನೆಗೆ ಅವಳ ಸ್ವಂತ ತಮ್ಮ ಬಂದರೂ, ಅವನು ತಮ್ಮನೇ ಎಂಬುದಕ್ಕೆ ಆಧಾರ್ ಕಾರ್ಡ್ ತೋರಿಸಬೇಕಾಯಿತು. ಸಂಬಂಧವನ್ನು ಸಾಬೀತುಪಡಿಸಿ ಎಂದು ಒಬ್ಬ ವಯಸ್ಕ ಹೆಣ್ಣುಮಗಳನ್ನು ಅವಳೇ ಬಾಡಿಗೆ ಕಟ್ಟುವ ಮನೆಯ ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಅವಮಾನ. ತಮ್ಮನಲ್ಲದೆ ಸ್ನೇಹಿತನೇ ಆಗಿದ್ದರೂ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ.

ಅಪಾರ್ಟ್‌ಮೆಂಟ್ ಸಂಘಗಳಲ್ಲಿ ನನ್ನದೊಂದೇ ಪ್ರಶ್ನೆ. ಸ್ವಂತ ಫ್ಲಾಟಿನವರ ಮನೆಗೆ ಬಂದವರು ಗೇಟಿನಲ್ಲಿ ಹೆಸರು ಹೇಳಿ ಒಳಗೆ ಹೋಗುತ್ತಾರೆ, ಬಾಡಿಗೆ ಫ್ಲಾಟಿಗೆ ಬಂದವರಿಗೆ ಮಾತ್ರ ರಾತ್ರಿ ಹತ್ತರ ನಂತರ ಫ್ಲಾಟಿನ ಮಾಲೀಕರಿಂದ ಸಂದೇಶ ಬರಬೇಕೆಂಬ ನಿಯಮವನ್ನು ಕೆಲವೆಡೆ ಕಂಡಿದ್ದೇನೆ. ಭದ್ರತೆಯ ಕಾರಣ ನಿಜವಾಗಿದ್ದರೆ ಅದು ಇಬ್ಬರಿಗೂ ಒಂದೇ ಆಗಿರಬೇಕಲ್ಲವೇ?

ಈಗ ನನ್ನ ವಿನಂತಿಗಳು. ಮಾನ್ಯ ಜಿಲ್ಲಾಧಿಕಾರಿಗಳೇ, ಖಾಸಗಿ ಕರಾರುಗಳನ್ನು ಆದೇಶದ ಮೂಲಕ ಬದಲಿಸುವ ಅಧಿಕಾರ ತಮಗಿಲ್ಲವೆಂಬುದು ನನಗೆ ಗೊತ್ತಿದೆ. ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ನೋಂದಣಿ ಇಲಾಖೆಯ ಸಹಕಾರ ಪಡೆದು, ಸರಳ ಕನ್ನಡದಲ್ಲಿ ಒಂದು ಮಾದರಿ ಬಾಡಿಗೆ ಕರಾರನ್ನು ಸಿದ್ಧಪಡಿಸಿ ಪ್ರಕಟಿಸುವುದು ತಮ್ಮಿಂದ ಸಾಧ್ಯ. ಅದರಲ್ಲಿ ಅತಿಥಿಗಳ ಬಗ್ಗೆ ಸ್ಪಷ್ಟವಾದ ಮಾತಿರಲಿ: ಬಾಡಿಗೆದಾರರ ಬಂಧುಗಳು, ಸ್ನೇಹಿತರು ಒಮ್ಮೆಗೆ ಹದಿನೈದು ದಿನದವರೆಗೆ ಯಾರ ಅನುಮತಿಯೂ ಇಲ್ಲದೆ ಉಳಿಯಬಹುದು, ಅದನ್ನು ಮೀರಿದರೆ ಮಾಲೀಕರಿಗೆ ತಿಳಿಸಿದರೆ ಸಾಕು. ಬಾಣಂತನ, ಕಾಯಿಲೆ, ವಯಸ್ಸಾದ ತಂದೆತಾಯಿಯ ಆರೈಕೆಗೆ ದಿನದ ಮಿತಿಯೇ ಬೇಡ. ಅತಿಥಿಗಳ ಹೆಸರಿನಲ್ಲಿ ಶುಲ್ಕ ಕೇಳಬಾರದು. ಅವರ ಜಾತಿ, ಧರ್ಮ, ಬಾಡಿಗೆದಾರರೊಡನೆ ಅವರಿಗಿರುವ ಸಂಬಂಧ ಇವುಗಳನ್ನು ವಿಚಾರಿಸಬಾರದು. ಇದರ ಜೊತೆಗೆ ಅತಿಥಿಗಳಿಂದ ಆಗುವ ಹಾನಿಗೆ, ಗಲಾಟೆಗೆ ಬಾಡಿಗೆದಾರರೇ ಹೊಣೆ ಎಂದೂ, ಅತಿಥಿಗಳಿಂದ ಹಣ ಪಡೆದು ಉಳಿಸಿಕೊಂಡರೆ ಅದನ್ನು ಒಳಬಾಡಿಗೆಯೆಂದೇ ಪರಿಗಣಿಸಬೇಕೆಂದೂ ಬರೆಯಲಿ. ಮಾಲೀಕರಿಗೂ ಇಷ್ಟು ರಕ್ಷಣೆ ಇರಬೇಕಾದದ್ದೇ.

ಆ ನಮೂನೆ ಕಚೇರಿಯ ಕಡತದಲ್ಲಿ ಉಳಿಯದೆ ಡಿಟಿಪಿ ಅಂಗಡಿಗಳ ಕಂಪ್ಯೂಟರಿಗೆ ತಲುಪಬೇಕು. ಅಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಕನ್ನಡ ನಮೂನೆ ಒಂದಿದ್ದರೆ ಜನ ಅದನ್ನೇ ಬಳಸುತ್ತಾರೆ ಎಂಬ ನಂಬಿಕೆ ನನಗಿದೆ. ಪಾಲಿಕೆಯ ಆಯುಕ್ತರು ಅದನ್ನು ವಾರ್ಡ್ ಮಟ್ಟದಲ್ಲಿ ಹಂಚಲಿ, ಮೇಲಂತಸ್ತಿನ ಮನೆಗಳಿಗೆ ಪ್ರತ್ಯೇಕ ನೀರಿನ ಮೀಟರು ಬೇಕೆನ್ನುವವರಿಗೆ ಅದನ್ನು ಪಡೆಯುವ ದಾರಿಯನ್ನು ಸುಲಭಗೊಳಿಸಲು ಸಂಬಂಧಪಟ್ಟವರೊಡನೆ ಮಾತಾಡಲಿ. ಬಾಡಿಗೆದಾರರ ಮಾಹಿತಿ ಸಂಗ್ರಹವು ಅವರ ಮನೆಗೆ ಬಂದುಹೋಗುವ ಬಂಧುಗಳಿಗೆ ಅನ್ವಯಿಸುವುದಿಲ್ಲವೆಂದು ಜಿಲ್ಲಾ ಪೊಲೀಸರ ಕಡೆಯಿಂದ ಒಂದು ಸ್ಪಷ್ಟ ಪ್ರಕಟಣೆ ಹೊರಡಿಸುವಂತೆಯೂ ತಾವು ಹೇಳಬೇಕು. ಮಾದರಿ ಬಾಡಿಗೆ ಕಾಯ್ದೆಯ ಮುಖ್ಯ ಅಂಶಗಳನ್ನು ರಾಜ್ಯದ ಕಾನೂನಿಗೆ ತರುವಾಗ ಅತಿಥಿಗಳ ವಿಷಯವನ್ನೂ ಸೇರಿಸಬೇಕೆಂಬ ಶಿಫಾರಸು ತಮ್ಮ ಕಚೇರಿಯಿಂದ ಸರ್ಕಾರಕ್ಕೆ ಹೋದರೆ, ಆಸ್ಪತ್ರೆಗೆಂದೋ ಓದಿಗೆಂದೋ ಹಳ್ಳಿಗರು ಹೋಗುವ ಉಳಿದ ಜಿಲ್ಲಾ ಕೇಂದ್ರಗಳಿಗೂ ಉಪಕಾರವಾಗುತ್ತದೆ.

ಮನೆ ಮಾಲೀಕರಲ್ಲಿ ನನ್ನ ಪ್ರಾರ್ಥನೆ ಬೇರೆಯೇ ಬಗೆಯದು. ತಮ್ಮಲ್ಲಿ ಎಷ್ಟೋ ಜನರ ಹಿರಿಯರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಕಾಲದ ಮುಳುಗಡೆಯಲ್ಲಿ ಮನೆ, ಗದ್ದೆ, ತೋಟ ಬಿಟ್ಟು ಎದ್ದುಬಂದವರು. ಹೊಸ ಜಾಗದಲ್ಲಿ ಸೂರು ಏಳುವವರೆಗೆ ನೆಂಟರ ಜಗಲಿಯಲ್ಲಿ ದಿನ ಕಳೆದದ್ದನ್ನು ಹೇಳುವ ಅಜ್ಜಿಯರು ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ಅಂದು ಅವರನ್ನು ಉಳಿಸಿಕೊಂಡವರು ಎಷ್ಟು ದಿನ ಇರುತ್ತೀರಿ ಎಂದು ಕೇಳಿರಲಾರರು. ಮುಂದಿನ ಬಾರಿ ಕರಾರು ನವೀಕರಿಸುವಾಗ ಆ ಒಂದು ಸಾಲನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಸಹಿ ಮಾಡಿ. ಗೇಟಿಗೆ ರಾತ್ರಿ ಬೀಗ ಹಾಕುವವರು ಬಾಡಿಗೆದಾರರಿಗೂ ಒಂದು ಬೀಗದ ಕೈ ಕೊಡಿ. ಇದಕ್ಕೆ ಯಾವ ಕಾಯ್ದೆಗೂ ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ.

ನಮ್ಮ ಕರಾರಿನ ಅವಧಿ ಬರುವ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಲಿಖಿತ ಉತ್ತರ ಬರುವುದೆಂದು, ಮಾದರಿ ಕರಾರಿನ ವಿಷಯದಲ್ಲಿ ಬಾಡಿಗೆದಾರರು ಮತ್ತು ಮಾಲೀಕರು ಇಬ್ಬರನ್ನೂ ಕರೆದು ತಾವು ಒಂದು ಸಭೆ ನಡೆಸುವಿರೆಂದು ನಿರೀಕ್ಷಿಸುತ್ತೇನೆ. ಸಭೆಗೆ ಕರೆದರೆ ನಮ್ಮ ಬೀದಿಯ ಇತರ ಬಾಡಿಗೆದಾರರೊಂದಿಗೆ, ಕರಾರಿನ ಪ್ರತಿಯೊಂದಿಗೆ ಹಾಜರಾಗುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ವಿನೋಬನಗರದ ಒಬ್ಬ ಬಾಡಿಗೆದಾರಳು
ಶಿವಮೊಗ್ಗ